ಮುಖವೋ ತೂಕವೋ

ಒಂದು ಪ್ರಶ್ನೆ ಕೇಳ್ತೀನಿ, ಗೂಗಲ್ ಮಾಡದೆ ಉತ್ತರ ಹೇಳಿ. ನಿಮ್ಮ ಕೈಗೊಂದು ಹಳೇ ಚಿನ್ನದ ನಾಣ್ಯ ಸಿಕ್ಕಿದೆ ಅಂದ್ಕೊಳ್ಳಿ. ಅದರ ಮೇಲೆ ಗಡ್ಡ ಬಿಟ್ಟ ಯಾರದೋ ಮುಖ, ಸುತ್ತಲೂ ನಮಗೆ ತಿಳಿಯದ ಭಾಷೆಯ ಅಕ್ಷರ. ನಿಮಗೆ ಮೊದಲು ಹುಟ್ಟುವ ಕುತೂಹಲ ಯಾವುದು? ಇವನು ಯಾರು ಅಂತಲೋ, ಇದು ಎಷ್ಟು ಗ್ರಾಂ ಇರಬಹುದು ಅಂತಲೋ?

ನನ್ನ ಟೀಮಿನಲ್ಲಿ ಊಟದ ಹೊತ್ತಿಗೆ ಇದನ್ನು ಕೇಳಿದೆ. ಏಳು ಜನರಲ್ಲಿ ಐವರು 'ಯಾರು' ಅಂದರು, ಇಬ್ಬರು 'ಎಷ್ಟು ಗ್ರಾಂ' ಅಂದರು. ಆ ಇಬ್ಬರ ತಲೆ ಮೇಲೂ ಹೋಮ್ ಲೋನ್ ಇದೆ. ತಮಾಷೆ ಇರಲಿ. ನಾನು ಈ ಪ್ರಶ್ನೆಯನ್ನು ಸುಮಾರು ದಿನದಿಂದ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಮೇಲ್ನೋಟಕ್ಕೆ ಇದು ನಾಣ್ಯದ ಪ್ರಶ್ನೆ. ಒಳಗೆ ಇಳಿದರೆ ನಮ್ಮನ್ನು ನಾವು ಹೇಗೆ ಬೆಲೆ ಕಟ್ಟಿಕೊಳ್ಳುತ್ತೇವೆ ಅನ್ನೋ ಪ್ರಶ್ನೆ.

ಇದು ನನ್ನ ತಲೆಗೆ ಹೊಕ್ಕಿದ್ದು ಬಳೇಪೇಟೆಯಲ್ಲಿ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೊದಲ ಎರಡು ವರ್ಷ ನಾನಿದ್ದದ್ದು ಅಲ್ಲೇ, ಸೋದರಮಾವನ ಮನೆಯಲ್ಲಿ. ಹೆಸರಿಗೆ ಬಳೇಪೇಟೆ. ಆದರೆ ಅಲ್ಲಿ ವೀಣೆ, ತಬಲ, ರೇಷ್ಮೆ ಸೀರೆ ಏನು ಬೇಕಾದರೂ ಸಿಗುತ್ತದೆ. ಚಿಕ್ಕಪೇಟೆ ದಾಟಿ ಅವೆನ್ಯೂ ರಸ್ತೆಗೆ ಬಂದರೆ ಚಿನ್ನ ಬೆಳ್ಳಿಯ ರಾಜಾ ಮಾರ್ಕೆಟ್. ಈ ಇಡೀ ಪೇಟೆಯಲ್ಲಿ ಹಳೇ ಚಿನ್ನಕ್ಕೆ ಇರೋದು ಒಂದೇ ನಿಯಮ: ತೂಕಕ್ಕೆ ದುಡ್ಡು, ಕೆಲಸಕ್ಕೆ ಇಲ್ಲ. ಹೊಸದು ಕೊಳ್ಳುವಾಗ ಮೇಕಿಂಗು, ವೇಸ್ಟೇಜು ಅಂತ ನವಿಲಿಗೊಂದು ರೇಟು, ಕಮಲಕ್ಕೊಂದು ರೇಟು ಕೊಟ್ಟಿರ್ತೀರಿ. ಮಾರೋಕೆ ತಂದ ದಿನ ನವಿಲೂ ಇಲ್ಲ, ಕಮಲವೂ ಇಲ್ಲ. ತಕ್ಕಡಿಗೆ ಎರಡೂ ಒಂದೇ. ಆಗ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸಿತ್ತು. ಈಗ ಅಷ್ಟು ಖಚಿತ ಇಲ್ಲ. ಯಾಕೆ ಅನ್ನೋದನ್ನ ಹೇಳೋಕೆ ಸ್ವಲ್ಪ ದೂರ ಹೋಗಬೇಕು. ರೋಮ್ ತನಕ.

ಹೋಗೋ ದಾರಿ ನಮ್ಮ ತಾಲೂಕಿನಿಂದಲೇ ಶುರುವಾಗುತ್ತದೆ. ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನಲ್ಲಿ ಅಕ್ಕಿಆಲೂರು ಅಂತ ಊರಿದೆ. ಅಲ್ಲೊಮ್ಮೆ ನೆಲದೊಳಗಿಂದ 46 ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತ್ತು. ಅಷ್ಟೂ ನಮ್ಮ ಯಾವ ರಾಜನದೂ ಅಲ್ಲ, ರೋಮ್ ಸಾಮ್ರಾಜ್ಯದವು. ಅದರಲ್ಲಿ ತೀರ ಹಳೆಯವು ಕ್ರಿ.ಶ. 193ರಿಂದ 211ರವರೆಗೆ ಆಳಿದ ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿಯ ಕಾಲದವು. ತೀರ ಹೊಸವು 518ರಿಂದ 527ರವರೆಗೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಒಂದನೇ ಜಸ್ಟಿನ್ ಕಾಲದವು. ಮೊದಲ ಮುಖಕ್ಕೂ ಕೊನೆಯ ಮುಖಕ್ಕೂ ನಡುವೆ ಮುನ್ನೂರು ವರ್ಷ. ನಾವು ಚಿಕ್ಕವರಿದ್ದಾಗ ಸಂತೆಗೆ ಹೋಗ್ತಿದ್ದ ಊರು ಅದು. ಆ ಮಣ್ಣಿನಡಿ ಇಂಥವರೆಲ್ಲ ಒಂದೇ ಕಡೆ ಮಲಗಿದ್ದರು ಅಂತ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆಯ ಮಾತು ದೂರ ಅನ್ನಿಸಿದರೆ ಬೆಂಗಳೂರಿನದೇ ತಗೊಳ್ಳಿ. ಯಶವಂತಪುರದಲ್ಲಿ ಮತ್ತು ಎಚ್‌ಎಎಲ್ ಬಳಿ ಅಗಸ್ಟಸ್, ಟಿಬೇರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಆ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ನಮ್ಮ ಹಳೇ ಶಬ್ದ 'ದೀನಾರ' ಬಂದದ್ದು ಅದರಿಂದಲೇ. ನೀವು ಬೆಳಗ್ಗೆ ಮೆಟ್ರೋ ಹತ್ತುವ ಜಾಗಕ್ಕೆ ಎರಡು ಸಾವಿರ ವರ್ಷದ ಹಿಂದೆಯೇ ಫಾರಿನ್ ಕರೆನ್ಸಿ ಬಂದು ಹೋಗಿದೆ.

ಈಗ ಆ ಸೆವೆರಸ್ ಯಾರು ನೋಡೋಣ. ಅವನ ಕತೆ ನಮ್ಮಂಥವರಿಗೆ ಸ್ವಲ್ಪ ಹತ್ತಿರದ್ದು.

ಸೆವೆರಸ್ ರೋಮ್‌ನವನಲ್ಲ. ಇವತ್ತಿನ ಲಿಬಿಯಾದಲ್ಲಿರುವ ಲೆಪ್ಟಿಸ್ ಮ್ಯಾಗ್ನಾ ಎಂಬ ಊರಲ್ಲಿ 145ರಲ್ಲಿ ಹುಟ್ಟಿದವನು. ಅಲ್ಲಿಂದ ರಾಜಧಾನಿಗೆ ಹೋಗಿ, ಒಂದೊಂದೇ ಹುದ್ದೆ ಹತ್ತಿ, ಕೊನೆಗೆ ಸೈನ್ಯದ ಬಲದಿಂದ ಚಕ್ರವರ್ತಿಯಾದ. ಎಷ್ಟು ಎತ್ತರಕ್ಕೆ ಹೋದರೂ ಅವನ ಲ್ಯಾಟಿನ್‌ನಲ್ಲಿ ಆಫ್ರಿಕಾದ ಧಾಟಿ ಮುದುಕನಾಗುವ ತನಕ ಹೋಗಲಿಲ್ಲ ಅಂತ ಅವನ ಒಂದು ಹಳೇ ಜೀವನಚರಿತ್ರೆ ಹೇಳುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗ. ಅವನ ಸೋದರಿ ಊರಿಂದ ಅವನನ್ನು ನೋಡಲು ಬಂದಳಂತೆ. ಅವಳಿಗೆ ಲ್ಯಾಟಿನ್ ಸರಿಯಾಗಿ ಬರುತ್ತಿರಲಿಲ್ಲ. ಆಸ್ಥಾನದಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಚಕ್ರವರ್ತಿಗೆ ಮುಜುಗರ. ಕೊನೆಗೆ ಬೇಕಾದಷ್ಟು ಉಡುಗೊರೆ ಕೊಟ್ಟು ಊರಿಗೆ ವಾಪಸ್ ಕಳಿಸಿಬಿಟ್ಟನಂತೆ. ಆ ಪುಸ್ತಕ ಅಲ್ಲಲ್ಲಿ ಕತೆ ಕಟ್ಟುತ್ತದೆ ಅನ್ನೋ ಆರೋಪ ಇದೆ, ಆದ್ದರಿಂದ 'ಅಂತೆ' ಸೇರಿಸಿಯೇ ಹೇಳುತ್ತಿದ್ದೇನೆ. ಆದರೆ ಕಟ್ಟಿದ ಕತೆ ಆದರೂ ಕಟ್ಟಿದವನಿಗೆ ಮನುಷ್ಯ ಗೊತ್ತಿದ್ದ. ನಾನು ಮೀಟಿಂಗಿನಲ್ಲಿ ಎರಡು ವಾಕ್ಯ ಇಂಗ್ಲಿಷ್ ಆಡಿದ ಕೂಡಲೇ 'ಉತ್ತರ ಕರ್ನಾಟಕದವರಾ?' ಅಂತ ಕೇಳುವವರು ಈಗಲೂ ಇದ್ದಾರೆ. ಕೇಳುವವರ ದನಿಯಲ್ಲಿ ಸಿಟ್ಟಿರೋಲ್ಲ, ಒಂದು ಸಣ್ಣ ನಗು ಇರುತ್ತೆ. ಆ ನಗು ಸೆವೆರಸ್‌ಗೂ ಗೊತ್ತಿತ್ತು.

ಹೀಗೆ ಹೊರಗಿನಿಂದ ಬಂದವನಿಗೆ ನಾಣ್ಯ ಎಂಥ ಸಾಧನ ಯೋಚಿಸಿ. ನಾಣ್ಯದ ಮೇಲಿನ ಮುಖಕ್ಕೆ ಉಚ್ಚಾರಣೆ ಇಲ್ಲ. ಬ್ರಿಟನ್‌ನಿಂದ ಸಿರಿಯಾ ತನಕ ಪ್ರತಿ ಸಂತೆಗೂ ಅದು ಅವನ ಪರವಾಗಿ ಹೋಗಿ 'ನಾನೇ ಒಡೆಯ' ಅನ್ನುತ್ತದೆ. ಟಿವಿ ಇಲ್ಲದ ಕಾಲದಲ್ಲಿ ಮನೆಮನೆ ಮುಟ್ಟುವ ಒಂದೇ ಫೋಟೋ ಅದು. ನಾಣ್ಯದ ಮೇಲೆ ಮುಖ ಇದ್ದರೆ ಅರ್ಥ ಇಷ್ಟೆ: ಈ ಲೋಹಕ್ಕೆ ಈ ಬೆಲೆ, ಯಾಕಂದರೆ ನಾನು ಹೇಳಿದ್ದೇನೆ.

ಆ ಮುಖ ನಮ್ಮ ಕಡೆ ಬಂದಾಗ ಏನಾಯ್ತು?

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಎರಡು ಬಗೆಯ ಗುರುತುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಹೊಡೆದ ಗೀರು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯಲ್ಲಿ 500ಕ್ಕೂ ಹೆಚ್ಚು ಚಿನ್ನದ ನಾಣ್ಯ ಒಟ್ಟಿಗೆ ಸಿಕ್ಕವು. ಅದರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವಕ್ಕೆ ಮುಖದ ಮೇಲೆ ಗೀರು ಬಿದ್ದಿತ್ತು. ಎರಡನೆಯದು, ಮುಖ್ಯವಾಗಿ ನಂತರದ ಕಾಲದ ನಾಣ್ಯಗಳಲ್ಲಿ, ದಾರ ಪೋಣಿಸಲು ತೆಗೆದ ಎರಡು ತೂತು. ಅವನ್ನು ಯಾರೋ ಒಡವೆ ಮಾಡಿಕೊಂಡು ಹಾಕಿಕೊಂಡಿದ್ದಾರೆ.

ಗೀರು ಯಾಕೆ ಹಾಕಿದರು ಅನ್ನೋದರ ಬಗ್ಗೆ ವಿದ್ವಾಂಸರು ನೂರು ವರ್ಷದಿಂದ ಜಗಳ ಆಡುತ್ತಿದ್ದಾರೆ. ಒಳಗೆ ತಾಮ್ರ ಇದೆಯಾ ಅಂತ ಪರೀಕ್ಷೆ ಮಾಡಿದ್ದು ಅಂತ ಕೆಲವರು. ಇದು ಇನ್ನು ನಾಣ್ಯವಾಗಿ ಚಲಾವಣೆ ಆಗಬಾರದು, ಬರೀ ಚಿನ್ನ ಅಂತ ಸಾರಿದ್ದು ಅಂತ ಕೆಲವರು. ಪರದೇಶದ ದೊರೆಯ ಮುಖ ಇಲ್ಲಿ ನಡೆಯೋದಿಲ್ಲ ಅಂತ ತೋರಿಸಿದ್ದು ಅಂತ ಇನ್ನು ಕೆಲವರು. ಮೂರರಲ್ಲಿ ಯಾವುದಾದರೂ ಇರಲಿ, ಉಳಿ ಹಿಡಿದವನು ಒಂದು ಮಾತನ್ನಂತೂ ಹೇಳಿದ್ದಾನೆ: 'ನೀನು ಯಾರಾದರೂ ಆಗಿರು, ನನಗೆ ಬೇಕಾದ್ದು ನಿನ್ನ ಹಿಂದಿರುವ ಚಿನ್ನ.' ಅರ್ಧ ಜಗತ್ತು ಅಡ್ಡಬೀಳುತ್ತಿದ್ದ ಮುಖಕ್ಕೆ ನಮ್ಮ ಯಾವನೋ ಹೆಸರಿಲ್ಲದ ಕಸುಬುದಾರ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಕೊಟ್ಟಿದ್ದಾನೆ. ನನಗಂತೂ ಅವನ ಬಗ್ಗೆ ಒಳಗೊಳಗೇ ಹೆಮ್ಮೆ.

ತೂಕವನ್ನೇ ನಂಬೋದರಲ್ಲಿ ಒಂದು ನ್ಯಾಯ ಇದೆ ಅನ್ನೋದಕ್ಕೆ ಇನ್ನೊಂದು ಕತೆ ಇದೆ. ಪ್ಲಿನಿ ಅನ್ನೋ ರೋಮನ್ ಲೇಖಕ ಬರೆದಿಟ್ಟದ್ದು. ಭಾರತ ವರ್ಷವರ್ಷ ನಮ್ಮಿಂದ 5 ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತಿದೆ ಅಂತ ಗೊಣಗಿದವನೂ ಇವನೇ. ನಮ್ಮ ಮೆಣಸು, ಬಟ್ಟೆ, ರತ್ನದ ವ್ಯಾಪಾರ ಅಷ್ಟು ಜೋರಾಗಿತ್ತು. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಒಬ್ಬ ರೋಮನ್ ಗಾಳಿಗೆ ಸಿಕ್ಕಿ ಶ್ರೀಲಂಕಾ ಸೇರಿದ. ಅಲ್ಲಿನ ರಾಜ ಅವನ ಹತ್ತಿರ ಇದ್ದ ಡಿನೇರಿಯಸ್‌ಗಳನ್ನು ನೋಡಿದ. ಒಂದೊಂದರ ಮೇಲೂ ಬೇರೆ ಬೇರೆ ಮುಖ, ಅಂದರೆ ಬೇರೆ ಬೇರೆ ದೊರೆಗಳ ಕಾಲದಲ್ಲಿ ಅಚ್ಚಾದವು. ತೂಗಿ ನೋಡಿದರೆ ಎಲ್ಲವೂ ಒಂದೇ ತೂಕ. ಆ ಒಂದೇ ಕಾರಣಕ್ಕೆ ರಾಜನಿಗೆ ರೋಮನ್ನರು ಪ್ರಾಮಾಣಿಕರು ಅನ್ನಿಸಿ, ಅವರ ಹತ್ತಿರ ದೂತರನ್ನು ಕಳಿಸಿದನಂತೆ.

ನನಗೆ ಈ ಕತೆ ತುಂಬ ಇಷ್ಟ. ಸಾಮ್ರಾಜ್ಯದ ಮೇಲೆ ಮೆಚ್ಚುಗೆ ಬಂದದ್ದು ಅದರ ಮುಖಗಳಿಂದ ಅಲ್ಲ, ಮುಖ ಬದಲಾದರೂ ಬದಲಾಗದ ತೂಕದಿಂದ. ಮ್ಯಾನೇಜರ್ ಬದಲಾದರೂ ಬಿಲ್ಡ್ ಒಡೆಯದೇ ಇದ್ದರೆ ಆ ಟೀಮನ್ನು ನಾವು ನಂಬುತ್ತೇವಲ್ಲ, ಹಾಗೆ.

ಆದರೆ ಆ ಮೇಲೆ ಬಂದವರು ತೂಕಕ್ಕೇ ಕೈ ಹಾಕಿದರು. ಕ್ರಿ.ಶ. 64ರಲ್ಲಿ ನೀರೋ ಚಿನ್ನದ ನಾಣ್ಯವನ್ನು ಹಗುರ ಮಾಡಿದ. ಮೊದಲು ಒಂದು ರೋಮನ್ ಪೌಂಡ್ ಚಿನ್ನಕ್ಕೆ ಸುಮಾರು 40 ನಾಣ್ಯ ಬರುತ್ತಿತ್ತು, ಇವನು 45 ಮಾಡಿದ. ಬೆಳ್ಳಿಯ ತೂಕವನ್ನೂ ಇಳಿಸಿದ. ಮುಖ ಮಾತ್ರ ಅಷ್ಟೇ ದುಂಡಗೆ ಇತ್ತು. ರೋಮ್‌ನ ಜನ ಬೇರೆ ದಾರಿ ಇಲ್ಲದೆ ತಗೊಂಡರು. ನಮ್ಮವರು ತಗೊಳ್ಳಬೇಕಾಗಿರಲಿಲ್ಲ. ಭಾರತದಲ್ಲಿ ಸಿಕ್ಕ ಡಿನೇರಿಯಸ್‌ಗಳಲ್ಲಿ ನೀರೋಗಿಂತ ಮೊದಲಿನ ಭಾರದ ನಾಣ್ಯಗಳೇ ಬಹುಪಾಲು. ಒಪ್ಪಿಕೊಳ್ಳಲೇಬೇಕು ಅನ್ನೋ ಒತ್ತಾಯ ಇಲ್ಲದವನು ಯಾವುದನ್ನು ಆರಿಸುತ್ತಾನೆ ಅನ್ನೋದೇ ನಿಜವಾದ ಒರೆಗಲ್ಲು.

ನಮ್ಮ ಸೆವೆರಸ್ ಇನ್ನೂ ಮುಂದೆ ಹೋದ. ಸೈನಿಕರ ಸಂಬಳ ಏರಿಸಿದ, ಅದಕ್ಕೆ ದುಡ್ಡು ಹೊಂದಿಸಲು ಡಿನೇರಿಯಸ್‌ನಲ್ಲಿದ್ದ ಬೆಳ್ಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದ. ಅವನ ಬೆಳ್ಳಿ ನಾಣ್ಯ ರೋಮ್‌ನ ಬೀದಿಯಲ್ಲಿ ಅವನ ಮುಖದ ಬಲದಿಂದ ಓಡಾಡಿತು. ಹಾನಗಲ್ ಸೀಮೆಯಲ್ಲಿ ಮುನ್ನೂರು ವರ್ಷ ಜತನವಾಗಿ ಉಳಿದದ್ದು ಅವನ ಚಿನ್ನ.

ಇಲ್ಲಿಯ ತನಕ ಓದಿ ನೀವು 'ಸರಿ, ತೂಕವೇ ಸತ್ಯ, ಮುಖ ಬರೀ ತೋರಿಕೆ, ಮುಗೀತಲ್ಲ' ಅನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗೆಳೆಯ. ಹೆಸರು ಬೇಡ, ಕಂಪನಿಯೂ ಬೇಡ. ಒಂದು ಶುಕ್ರವಾರ ಅವನ ಲ್ಯಾಪ್‌ಟಾಪ್ ಲಾಕ್ ಆಯ್ತು. ಲೇಆಫ್. ಸೋಮವಾರದ ಹೊತ್ತಿಗೆ ಅವನ ಪ್ರೊಫೈಲಿನಲ್ಲಿ ಆ ದೊಡ್ಡ ಕಂಪನಿಯ ಹೆಸರು ಇರಲಿಲ್ಲ. ವಾರಕ್ಕೆ ನಾಲ್ಕು ಮೆಸೇಜ್ ಕಳಿಸುತ್ತಿದ್ದ ರಿಕ್ರೂಟರ್‌ಗಳು ಸುಮ್ಮನಾದರು. ಹೆಣ್ಣು ನೋಡಲು ಹೋಗಬೇಕಾಗಿದ್ದ ಮನೆಯಿಂದ 'ಸ್ವಲ್ಪ ದಿನ ಮುಂದೂಡೋಣ' ಅಂತ ಫೋನ್ ಬಂತು. ಶುಕ್ರವಾರ ಅವನ ತಲೆಯಲ್ಲಿದ್ದದ್ದೆಲ್ಲ ಸೋಮವಾರವೂ ಇತ್ತು. ಮುಖ ಹೋಗಿತ್ತು, ತೂಕ ಹಾಗೇ ಇತ್ತು. ನಾವೆಲ್ಲ ಅವನಿಗೆ ಹೇಳಿದ್ದು ಒಂದೇ ಮಾತು: 'ಲೋಗೋ ಹೋದರೆ ಹೋಗಲಿ ಮಾರಾಯ, ನಿನ್ನ ಸ್ಕಿಲ್ ಯಾರು ಕಿತ್ಕೊಳ್ತಾರೆ?'

ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ. 'ಹಂಗಂದ್ರೆ ಸ್ಕಿಲ್‌ಗೂ ಬೆಲೆ ಬಿದ್ರೆ ಆವಾಗ ನಾನೇನು?'

ಅವನ ಪ್ರಶ್ನೆ ಸರಿಯಾದ ಜಾಗಕ್ಕೆ ತಾಕಿತು. ಲೋಗೋ ನೋಡಿ ಬೆಲೆ ಕಟ್ಟೋದು ಒಂದು ಬಗೆಯ ಅವಮಾನ. ಸ್ಕಿಲ್ ತೂಗಿ ಬೆಲೆ ಕಟ್ಟೋದು ಅದಕ್ಕಿಂತ ನ್ಯಾಯದ್ದು, ಆದರೆ ಅದೂ ತಕ್ಕಡಿಯೇ. ತಕ್ಕಡಿ ಮೇಲೆ ಕೂತವನಿಗೆ ಮುಖವೂ ಹೋಯ್ತು, ಬೆಲೆಯೂ ಅವನ ಕೈಯಲ್ಲಿಲ್ಲ. ಇವತ್ತಿನ ರೇಟು ಇಷ್ಟು, ನಾಳೆ ಎಷ್ಟೋ. ಬೆಲೆ ಇರುವ ವಸ್ತುವಿನ ಜಾಗದಲ್ಲಿ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು, ಘನತೆ ಇರುವುದರ ಜಾಗದಲ್ಲಿ ಹಾಗೆ ಇಡಲು ಬರೋದಿಲ್ಲ ಅಂತ ಜರ್ಮನಿಯ ಕಾಂಟ್ 1785ರಲ್ಲೇ ವಾದಿಸಿದ್ದ. ಅವನು ಮನುಷ್ಯರನ್ನು ಎರಡನೆಯ ಸಾಲಿಗೆ ಸೇರಿಸಿದ. ಓದೋಕೆ ಚೆನ್ನಾಗಿದೆ. ಆದರೆ ಅಪ್ರೈಸಲ್ ತಿಂಗಳಲ್ಲಿ ಅದನ್ನು ನಂಬೋದು ಕಷ್ಟ.

ಹಾಗಾದರೆ ಮುಖಕ್ಕೆ ಏನೂ ಬೆಲೆ ಇಲ್ವಾ? ಇದೆ, ಅದೂ ಹುಚ್ಚು ಹಿಡಿಸುವಷ್ಟು. ಜೂಲಿಯಸ್ ಸೀಸರ್‌ನನ್ನು ಕೊಂದ ಬ್ರೂಟಸ್ ಗೊತ್ತಲ್ಲ. ಕೊಲೆಯಾದ ಮೇಲೆ ಅವನು ತನ್ನದೇ ಮುಖ ಒಂದು ಕಡೆ, ಎರಡು ಕಠಾರಿ ಇನ್ನೊಂದು ಕಡೆ ಹಾಕಿಸಿ ಚಿನ್ನದ ನಾಣ್ಯ ಅಚ್ಚು ಹಾಕಿಸಿದ. ಅಂಥದೊಂದು 2020ರಲ್ಲಿ ಲಂಡನ್‌ನಲ್ಲಿ 35 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹರಾಜಾಯ್ತು. ಅದರಲ್ಲಿರೋ ಚಿನ್ನ ಸುಮಾರು 8 ಗ್ರಾಂ. ಪೇಟೆಯ ತಕ್ಕಡಿಗೆ ಹಾಕಿದರೆ ಒಂದು ಸಾಧಾರಣ ಮದುವೆಯ ಉಂಗುರಕ್ಕೆ ಸಾಲುವಷ್ಟು. ಉಳಿದದ್ದೆಲ್ಲ ಮುಖದ ಬೆಲೆ, ಕತೆಯ ಬೆಲೆ. ಆದರೆ ಆ ನಾಣ್ಯ ಎಲ್ಲಿಂದ ಬಂತು ಅಂತ ತೋರಿಸಿದ್ದ ಕಾಗದಪತ್ರ ಸುಳ್ಳು ಅಂತ ಆಮೇಲೆ ಬಯಲಾಯ್ತು. 2023ರಲ್ಲಿ ಅಮೆರಿಕದ ಅಧಿಕಾರಿಗಳು ಅದನ್ನು ಗ್ರೀಸ್‌ಗೆ ಒಪ್ಪಿಸಿದರು. ನಾಣ್ಯ ಅಸಲಿಯೇ ಇತ್ತು, ಅದರ ಕತೆ ನಕಲಿ ಆಗಿತ್ತು. ಯಾವ ಹೊಲದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಪಕ್ಕದಲ್ಲಿ ಅದು ಇತ್ತು ಅನ್ನೋದನ್ನ ಯಾರೋ ದುಡ್ಡಿಗೋಸ್ಕರ ಅಳಿಸಿಬಿಟ್ಟಿದ್ದರು.

ನಮ್ಮಲ್ಲೂ ಇದು ನಡೆಯುತ್ತದೆ, ಇನ್ನೂ ಸುಲಭವಾಗಿ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದಲೇ ಕಾನೂನು ಇದೆ. ಆದರೆ ಹೊಲ ಹೂಡುವಾಗ ಸಿಕ್ಕ ಚಿನ್ನ ಕಚೇರಿಗಿಂತ ಮೊದಲು ಕುಲುಮೆಗೆ ಹೋಗೋದು ಹಳ್ಳಿಯಲ್ಲಿ ಬೆಳೆದವರಿಗೆ ಹೊಸ ವಿಷಯ ಅಲ್ಲ. ಅಕ್ಕಿಆಲೂರಿನ 46 ನಾಣ್ಯ ಹಾಗೆ ಕರಗಿದ್ದರೆ ಸಿಕ್ಕವನಿಗೆ ನಾಲ್ಕು ಬಳೆ ಆಗುತ್ತಿತ್ತು. ನಮ್ಮ ತಾಲೂಕಿಗೂ ಕಾನ್‌ಸ್ಟಾಂಟಿನೋಪಲ್‌ಗೂ ನಂಟಿತ್ತು ಅನ್ನೋದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಿನ್ನ ಕರಗಿದರೆ ತೂಕ ಉಳಿಯುತ್ತೆ. ನೆನಪು ಒಮ್ಮೆ ಕರಗಿದರೆ ಮತ್ತೆ ಎರಕ ಹೊಯ್ಯೋಕೆ ಬರೋಲ್ಲ.

ಇದನ್ನೆಲ್ಲ ಓದಿ ತಿಳಿದಿದ್ದ ನಾನು, ಹೋದ ವರ್ಷ ಅವ್ವನ ಜೊತೆ ಬಳೇಪೇಟೆಯ ಒಂದು ಗಲ್ಲಿಯಲ್ಲಿ ನಿಂತು ವಾದ ಮಾಡುತ್ತಿದ್ದೆ. ಅವ್ವನ ಸೆರಗಿನ ಗಂಟಿನಲ್ಲಿ ಅಜ್ಜಿಯ ಪುತಳಿ ಸರ ಇತ್ತು.

ನಮ್ಮ ಕಡೆಯವರಿಗೆ ಪುತಳಿ ಸರ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ತೆಳ್ಳನೆಯ ಚಿನ್ನದ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ ಹಾರ. ಒಂದೊಂದು ಬಿಲ್ಲೆ ಮೇಲೂ ಸಣ್ಣ ಸಣ್ಣ ಬೊಂಬೆಗಳು, ಅದಕ್ಕೇ ಪುತಳಿ. ಅಜ್ಜಿ ಅವನ್ನು ರಾಮ-ಸೀತಿ ಅನ್ನುತ್ತಿದ್ದಳು. ಇದರ ಮೂಲ ಇಟಲಿಯ ವೆನಿಸ್ ನಗರದ ಡಕಾಟ್ ನಾಣ್ಯ ಅಂತಾರೆ. ಆ ನಾಣ್ಯದ ಮೇಲೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್‌ನ ದೊರೆ ಇದ್ದಾನೆ. 1284ರಲ್ಲಿ ಶುರುವಾದ ಆ ನಾಣ್ಯದ ತೂಕ, ಸುಮಾರು ಮೂರೂವರೆ ಗ್ರಾಂ, ಐನೂರು ವರ್ಷ ಹೆಚ್ಚುಕಮ್ಮಿ ಬದಲಾಗಲೇ ಇಲ್ಲ. ಅದಕ್ಕೇ ನಮ್ಮ ಬಂದರುಗಳಲ್ಲಿ ಅದನ್ನು ಕಣ್ಮುಚ್ಚಿ ತಗೊಳ್ಳುತ್ತಿದ್ದರು. ತೂಕದಿಂದ ನಂಬಿಕೆ ಬಂತು, ನಂಬಿಕೆಯಿಂದ ಕೊರಳಿಗೆ ಬಂತು, ಕೊರಳಿಗೆ ಬಂದ ಮೇಲೆ ವೆನಿಸ್‌ನ ದೊರೆ ರಾಮನಾದ.

ಸರದಲ್ಲಿ ಅಲ್ಲಲ್ಲಿ ಪುತಳಿ ಇರಬೇಕಾದ ಜಾಗದಲ್ಲಿ ಕೆಂಪು ಮಣಿ. 1972ರ ಬರದಲ್ಲಿ ಅಜ್ಜಿ ಒಂದೊಂದೇ ಪುತಳಿ ಬಿಚ್ಚಿ ಮಾರಿ ಜೋಳ ತಂದು, ಎತ್ತು ಉಳಿಸಿಕೊಂಡಿದ್ದಳು. ಹನ್ನೊಂದು ಹೋಗಿದ್ದವು. ಈಗ ಉಳಿದದ್ದನ್ನು ಅವ್ವ ಕರಗಿಸಲು ತಂದಿದ್ದಳು. ತಂಗಿ ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಗೆ ಹೋಗುವ ಆಸೆ. ಅದಕ್ಕೆ ಮೊದಲು ಆ ಭಾಷೆ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು, ಫೀಸು, ಪೇಪರು, ವೀಸಾ.

'ನಾನು ಕೊಡ್ತೀನಿ ಅವ್ವ, ಇದನ್ನ ಕರಗಿಸಬ್ಯಾಡ' ಅಂದೆ. ಬರದ ಕತೆ ಹೇಳಿದೆ, ವೆನಿಸ್‌ನ ಕತೆ ಹೇಳಿದೆ. ಇಂಥದು ಮತ್ತೆ ಮಾಡಿಸೋಕೆ ಬರೋಲ್ಲ ಅಂದೆ. ಅವ್ವ ಪೂರ್ತಿ ಕೇಳಿದಳು.

'ತಮ್ಮಾ, ನಿಮ್ಮಜ್ಜಿ ಇದನ್ನ ನೋಡಾಕ ಅಂತ ಇಟ್ಕೊಂಡಿದ್ದಿಲ್ಲ. ಕಷ್ಟಕ್ಕ ಆಗ್ಲಿ ಅಂತ ಇಟ್ಕೊಂಡಿದ್ಲು. ನಿನ್ನ ರೊಕ್ಕದಾಗ ಹೋದ್ರ ಅಕಿ ನಿನ್ನ ಋಣದಾಗ ಹೋಕ್ಕಾಳ. ನಾಳೆ ನಿನ್ನ ಹೇಂತಿ ಬಂದು ಒಂದು ಮಾತು ಅಂದ್ರ ಅಕಿ ತಲಿ ತಗ್ಗಿಸ್ಬೇಕು. ಇದು ಅಕಿ ಪಾಲು. ತನ್ನ ಪಾಲಿನಾಗ ಹೋಗ್ಲಿ.'

ಅಂಗಡಿಯವರು ಕಲ್ಲಿಗೆ ಉಜ್ಜಿ ನೋಡಿದರು, ಮಷೀನಿನಲ್ಲಿ ಇಟ್ಟು ನೋಡಿದರು, ಮಣಿ ಬಿಡಿಸಿ ತೂಗಿದರು. ತೂಕಕ್ಕೆ ದುಡ್ಡು ಕೊಟ್ಟರು. ಕೆಂಪು ಮಣಿಗಳನ್ನು ಕಾಗದದಲ್ಲಿ ಕಟ್ಟಿ ಅವ್ವನ ಕೈಗಿಟ್ಟರು.

ಅವತ್ತಿಂದ ನಾನು ಯೋಚಿಸುತ್ತಿರುವುದು ಇಷ್ಟು. ನಾನು ಉಳಿಸಬೇಕು ಅಂದದ್ದು ತಪ್ಪು ಅಂತ ನನಗೀಗಲೂ ಅನ್ನಿಸೋದಿಲ್ಲ. ಒಂದು ಮನೆತನದ ನೆನಪಿಗೆ ಬೆಲೆ ಇದೆ. ಆದರೆ ಅವ್ವ ತೂಕದ ಪರ ಮಾತಾಡಿದಾಗ ಅವಳು ನೆನಪಿನ ವಿರುದ್ಧ ಮಾತಾಡಲಿಲ್ಲ ಅನ್ನೋದು ನಿಧಾನಕ್ಕೆ ಅರ್ಥವಾಯಿತು. ಆ ಸರದ ನೆನಪು ಇದ್ದದ್ದು ಬಿಲ್ಲೆಗಳಲ್ಲಿ ಮಾತ್ರವಲ್ಲ, ಬಿಲ್ಲೆ ಇಲ್ಲದ ಹನ್ನೊಂದು ಜಾಗಗಳಲ್ಲೂ ಇತ್ತು. ಬರದಲ್ಲಿ ಅದು ಒಂದು ಕುಟುಂಬವನ್ನು ದಾಟಿಸಿತ್ತು. ಈಗ ಒಬ್ಬ ಹುಡುಗಿಯನ್ನು ಯಾರ ಹಂಗಿಲ್ಲದೆ ದಾಟಿಸುತ್ತಿದೆ. ಅವ್ವ ತಕ್ಕಡಿಗೆ ಚಿನ್ನವನ್ನು ಇಟ್ಟದ್ದು ಮಗಳು ತಕ್ಕಡಿ ಹತ್ತಬಾರದು ಅಂತ. ಕಾಂಟ್ ಹೇಳಿದ ಬೆಲೆ ಮತ್ತು ಘನತೆಯ ವ್ಯತ್ಯಾಸ ಪುಸ್ತಕದಲ್ಲಿ ನನಗೆ ಪೂರ್ತಿ ಹಿಡಿದಿರಲಿಲ್ಲ, ಆ ಅಂಗಡಿ ಮೆಟ್ಟಿಲ ಮೇಲೆ ಹಿಡಿಯಿತು. ಬೆಲೆ ಇರುವುದನ್ನು ಘನತೆಗಾಗಿ ಖರ್ಚು ಮಾಡಬಹುದು. ತಿರುಗಾ ಮುರುಗಾ ಮಾಡೋಕೆ ಹೋದರೇ ಕಷ್ಟ.

ಅಲ್ಲಿ ಸೆವೆರಸ್ ಊರಿನ ಸೋದರಿಗೆ ಬೇಕಾದಷ್ಟು ಉಡುಗೊರೆ ಕೊಟ್ಟಿದ್ದ, ಭಾಷೆ ಬರಲ್ಲ ಅಂತ ವಾಪಸ್ ಕಳಿಸಿದ್ದ. ಸೋದರಿ ಅನ್ನೋ ನಂಟಿಗಿಂತ ತನ್ನ ಮುಖ ಅವನಿಗೆ ದೊಡ್ಡದಾಯಿತು. ಆ ಮುಖ ಕೊನೆಗೆ ಅವನ ಮನೆಯನ್ನೂ ಕಾಯಲಿಲ್ಲ. 211ರಲ್ಲಿ ಸೆವೆರಸ್ ಬ್ರಿಟನ್‌ನ ಯಾರ್ಕ್‌ನಲ್ಲಿ ಸತ್ತ. ಸಾಯುವ ಮುಂಚೆ ಇಬ್ಬರು ಮಕ್ಕಳಿಗೂ ಹೊಂದಿಕೊಂಡು ಬಾಳಿ ಅಂತ ಹೇಳಿದ್ದನಂತೆ. ಅದೇ ವರ್ಷ ಮುಗಿಯುವುದರೊಳಗೆ ದೊಡ್ಡವನು ಕ್ಯಾರಕಲ್ಲಾ ತಮ್ಮ ಗೇಟಾನನ್ನು ಕೊಲ್ಲಿಸಿದ, ಸಾಮ್ರಾಜ್ಯದ ಉದ್ದಗಲಕ್ಕೂ ಅವನ ಹೆಸರು, ಮುಖ ಅಳಿಸಿಹಾಕಲು ಅಪ್ಪಣೆ ಮಾಡಿದ. ಬರ್ಲಿನ್‌ನ ಮ್ಯೂಸಿಯಮ್ಮಿನಲ್ಲಿ ಆ ಕುಟುಂಬದ ಒಂದು ದುಂಡನೆಯ ಚಿತ್ರಪಟ ಇದೆ: ಅಪ್ಪ, ಅಮ್ಮ, ಒಬ್ಬ ಹುಡುಗ, ಮತ್ತು ಕೆರೆದು ಹಾಕಿದ ಒಂದು ಖಾಲಿ ಜಾಗ. ನಮ್ಮ ಕಸುಬುದಾರ ಮುಖಕ್ಕೆ ಗೀರು ಹಾಕಿದಾಗ ಅವನಿಗೆ ಆ ಮುಖದ ಮೇಲೆ ದ್ವೇಷ ಇತ್ತೋ ಇಲ್ಲವೋ ಗೊತ್ತಿಲ್ಲ. ಸ್ವಂತ ಅಣ್ಣ ಕೆರೆದದ್ದು ಮಾತ್ರ ದ್ವೇಷದಿಂದಲೇ. ಮುಖವನ್ನೇ ಆಸ್ತಿ ಅಂದುಕೊಂಡವರ ಮನೆಯಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಜಾಗ ಬಿಡೋದಿಲ್ಲ.

ನಮ್ಮ ಕೊರಳಲ್ಲೂ ಈಗ ಒಂದೊಂದು ಐಡಿ ಕಾರ್ಡು ನೇತಾಡುತ್ತಿದೆ. ಅದರ ಮೇಲೆ ನಮ್ಮ ಸಣ್ಣ ಮುಖ, ಕಂಪನಿಯ ದೊಡ್ಡ ಮುದ್ರೆ. ಅದನ್ನು ಕಿತ್ತೆಸೆಯಿರಿ ಅಂತ ನಾನು ಹೇಳೋಲ್ಲ, ನನ್ನದನ್ನೂ ಎಸೆದಿಲ್ಲ. ಗೆಳೆಯನಿಗೆ ಕೆಲಸ ಸಿಕ್ಕಿತು, ಮದುವೆಯೂ ಆಯ್ತು, ಬೇರೆ ಮನೆಯ ಹುಡುಗಿ ಜೊತೆ. ಹೊಸ ಕಂಪನಿಯ ಹೆಸರನ್ನು ಅವನು ಇನ್ನೂ ಪ್ರೊಫೈಲಿಗೆ ಹಾಕಿಲ್ಲ. ಕೇಳಿದರೆ 'ನೋಡೋಣ ಬಿಡು' ಅಂತಾನೆ. ತಂಗಿ ಊರಲ್ಲಿ ಕೂತು ಆನ್‌ಲೈನ್ ಕ್ಲಾಸಿನಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಹಾನಗಲ್ ಧಾಟಿಯ ಜರ್ಮನ್. ಕೇಳೋಕೆ ಬಹಳ ಚೆನ್ನಾಗಿದೆ.

ಆ ತೂತು ಹಾಕಿದ ನಾಣ್ಯಗಳ ಬಗ್ಗೆ ಒಂದು ಮಾತು ಬಾಕಿ ಉಳಿದಿದೆ. ಎರಡೂ ತೂತುಗಳನ್ನು ಸಾಮಾನ್ಯವಾಗಿ ಚಕ್ರವರ್ತಿಯ ತಲೆಯ ಮೇಲ್ಗಡೆಗೇ ಹಾಕುತ್ತಿದ್ದರು. ಒಂದೇ ತೂತಾದರೆ ಬಿಲ್ಲೆ ತಿರುಗುತ್ತದೆ, ಎರಡಾದರೆ ನೆಟ್ಟಗೆ ನಿಲ್ಲುತ್ತದೆ. ಅಂದರೆ ಹಾಕಿಕೊಂಡವರು ಆ ಮುಖವನ್ನು ನೋಡಿದ್ದಾರೆ, ಅದು ತಲೆಕೆಳಗಾಗದ ಹಾಗೆ ಜೋಪಾನ ಮಾಡಿದ್ದಾರೆ. ಅವನು ಯಾರು ಅಂತ ಅವರಿಗೆ ಗೊತ್ತಿರಬೇಕಾಗಿರಲಿಲ್ಲ, ಅವನಿಗೆ ಅಡ್ಡಬೀಳಬೇಕಾಗಿಯೂ ಇರಲಿಲ್ಲ. ಚಿನ್ನ ಎಷ್ಟಿದೆ ಅಂತಲೂ ಗೊತ್ತಿತ್ತು, ಬೇಕಾದ ದಿನ ಬಿಚ್ಚಿ ಮಾರಬಹುದು ಅಂತಲೂ ಗೊತ್ತಿತ್ತು. ಅಲ್ಲಿಯ ತನಕ ಇರಲಿ ಅಂತ ಕೊರಳಿಗೆ ಹಾಕಿಕೊಂಡರು. ದೊಡ್ಡವರ ಮುದ್ರೆಗಳನ್ನು ಇಟ್ಟುಕೊಳ್ಳಲೇಬೇಕಾದರೆ ಹೀಗೆ ಇಟ್ಟುಕೊಳ್ಳಬಹುದು ಅನ್ನಿಸುತ್ತೆ.